ಫಲಕ ತಿರುಗಿಸಿದರೂ ಓದಿದ ಹುಡುಗಿ

ನೀರೇರಿದ ತೊಂಬತ್ತೆರಡನೆಯ ವರ್ಷ, ಬಿಡುಮಾಸ
ಎತ್ತರಪೇಟೆ, ಕೃಷ್ಣೆಯ ಹಿನ್ನೀರಿನ ಮೇಲ್ದಂಡೆ

ಕನ್ನಡಕದ ಅಂಗಡಿಗಳಲ್ಲಿ, ಆಸ್ಪತ್ರೆಯ ಮೂಲೆಯ ಕತ್ತಲೆ ಕೋಣೆಗಳಲ್ಲಿ ಕೂತು ಜನರ ಕಣ್ಣು ನೋಡುವ ಆಪ್ಟೊಮೆಟ್ರಿಸ್ಟರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮಗೆ ಹನ್ನೆರಡೇ ತಿಂಗಳಂತೆ. ನಮಗೆ ಹದಿಮೂರು. ಸೆಖೆ ತಡೆಯಲಾಗದ ಒಂದು ತಿಂಗಳನ್ನು ಹನ್ನೆರಡರ ಲೆಕ್ಕದಿಂದ ಹೊರಗಿಟ್ಟು, ಆಗ ಯಾರೂ ದುಡಿಯಬಾರದು ಎಂದು ಹಿರಿಯರು ಕಟ್ಟು ಮಾಡಿದರು. ಅದಕ್ಕೇ ಬಿಡುಮಾಸ ಎನ್ನುತ್ತೇವೆ. ಇಂಥ ಇನ್ನೂ ನಾಲ್ಕಾರು ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಬಹುದು. ಅದಕ್ಕೆ ಒಂದೇ ಸಲ ಕ್ಷಮೆ ಕೇಳುತ್ತೇನೆ, ಮತ್ತೆ ಮತ್ತೆ ಕೇಳುವುದಿಲ್ಲ. ನಾನು ನಿಂಬೆವ್ವ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಹಗ್ಗ ಹೊಸೆಯಲು ಕೂತವಳು, ಇನ್ನೂ ಅದೇ ಮಾಡುತ್ತಿದ್ದೇನೆ. ನೀವು ನನಗಿಂತ ಎಷ್ಟೋ ತಲೆಮಾರು ಹಿರಿಯರು, ನಿಮ್ಮ ಕಾಲಿಗೆ ಬೀಳಬೇಕು. ಆದರೆ ಸಿಟ್ಟಿನಲ್ಲಿದ್ದೇನೆ, ಬೀಳುವ ಮನಸ್ಸಿಲ್ಲ.

ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಹಿಂದಿನ ಕಾಲಕ್ಕೆ ಹೋಗುವ ಓಲೆ. ಮಾತು ಮಾತ್ರ ಹೋಗುತ್ತದೆ, ವಸ್ತು ಹೋಗುವುದಿಲ್ಲ. ಮುಪ್ಪಿಗೆ ಬಂದವರಿಗೆ ಜೀವಮಾನಕ್ಕೆ ಒಂದೇ ಒಂದು. ಎಲ್ಲರೂ ಸತ್ತುಹೋದ ತಾಯಿಗೋ ಗಂಡನಿಗೋ ಬರೆದು, ಅತ್ತು, ಹಗುರಾಗಿ ಮನೆಗೆ ಬರುತ್ತಾರೆ. ನಾನು ನಿಮಗೆ ಬರೆಯುತ್ತೇನೆ ಎಂದಾಗ ತಂಗಿ ಸತ್ಯವ್ವ ಸೊಂಟಕ್ಕೆ ಕೈಕೊಟ್ಟು ನಿಂತಳು. "ಅಕ್ಕಾ, ನಿನಗ ತಲಿ ಕೆಟ್ಟೈತೇನು? ನಮ್ಮವ್ವಗ ಬರಿಯೂದು ಬಿಟ್ಟು, ಹೆಸರು ಗೊತ್ತಿಲ್ಲದ ಚಾಳೀಸಿನ ಅಂಗಡಿಯವರಿಗೆ ಬರೀತಿ?" ಎಂದಳು. ಅವ್ವನಿಗೆ ಬರೆದರೆ ಅವ್ವ ಏನು ಮಾಡುತ್ತಾಳೆ ಎಂದು ಕೇಳಿದೆ. ಅವ್ವ ಅಳಬಹುದು ಅಷ್ಟೆ. ನೀವಾದರೆ ಏನಾದರೂ ಮಾಡಬಹುದು.

ನಮ್ಮ ಊರು ಬೆಟ್ಟದ ಮೈಗೆ ಅಂಟಿಕೊಂಡ ಊರು. ಹಳೆಯ ಊರು ನೀರಿನೊಳಗಿದೆ. ಇಲ್ಲಿ ರಸ್ತೆ ಎಂಬುದಿಲ್ಲ, ಎಲ್ಲಾ ಮೆಟ್ಟಿಲು. ನೀರಿಗೆ, ಹಿಟ್ಟಿನ ಗಿರಣಿಗೆ, ಸ್ಮಶಾನಕ್ಕೆ, ಎಲ್ಲಿಗೆ ಹೋಗಬೇಕಾದರೂ ಮೆಟ್ಟಿಲೇ. ಆಚೆ ದಂಡೆಗೆ ಹೋಗಲು ತೂಗುಬಂಡಿ ಇದೆ. ಹಿನ್ನೀರಿನ ಮೇಲೆ ಕಟ್ಟಿದ ಹಗ್ಗಕ್ಕೆ ಜೋತುಬಿದ್ದು ಓಡುವ ಬುಟ್ಟಿ ಅದು. ಜೋಳ, ಸೀಮೆಎಣ್ಣೆ, ಹೆರಿಗೆ ಹೆಂಗಸರು, ಎಲ್ಲಾ ಅದರಲ್ಲೇ. ನನ್ನ ಮೊಮ್ಮಗಳು ಕಸ್ತೂರಿ ಆ ಬಂಡಿ ನಡೆಸುತ್ತಿದ್ದಳು. ನಾನು ಹೊಸೆದ ಹಗ್ಗದ ಮೇಲೆ ನನ್ನ ಮೊಮ್ಮಗಳು ಬಂಡಿಯಲ್ಲಿ ನಿಂತು ಹೋಗುವುದನ್ನು ನೋಡುವಾಗ ನನಗೆ ಎಂಥ ಸೊಕ್ಕು ಇತ್ತೆಂದರೆ, ಕೇರಿಯಲ್ಲಿ ಯಾರೂ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ.

ಈಗ ಫಲಕದ ವಿಷಯ. ನಿಮ್ಮ ಗೋಡೆಯ ಮೇಲೆ ಅಕ್ಷರದ ಫಲಕ ಇರುತ್ತದಲ್ಲ, ಮೇಲೆ ದೊಡ್ಡದು, ಕೆಳಗೆ ಇರುವೆಯಷ್ಟು ಸಣ್ಣದು, ಅದು ನಮ್ಮಲ್ಲೂ ಇದೆ. ಒಂದೇ ಇದೆ. ನನ್ನ ಅಜ್ಜಿಯ ಕಾಲದಿಂದಲೂ ಅದೇ. ನಮ್ಮ ಮಕ್ಕಳಿಗೆ ಅದು ಬಾಯಿಪಾಠ. ಗ ರ ಟ ಸ, ಣ ಬ ಲ ನ ಎಂದು ತೊಟ್ಟಿಲು ತೂಗುತ್ತ ಹಾಡುತ್ತೇವೆ, ಬೀಸುವಾಗ ಹಾಡುತ್ತೇವೆ. ಪ್ರತಿ ಬಿಡುಮಾಸದಲ್ಲಿ ಊರಿಗೆ ಊರೇ ಮಿಂದು, ಮಡಿಯುಟ್ಟು, ಕಣ್ಮನೆಗೆ ಹೋಗಿ ಸಾಲಾಗಿ ನಿಂತು ಫಲಕ ಹೇಳುತ್ತದೆ. ಕಣ್ಮನೆ ಎಂದರೆ ನಿಮ್ಮ ಅಂಗಡಿಯಂಥದ್ದೇ. ಒಂದು ಕಣ್ಣು ಮುಚ್ಚಿ ಒಮ್ಮೆ, ಇನ್ನೊಂದು ಮುಚ್ಚಿ ಒಮ್ಮೆ ಹೇಳಬೇಕು. ತಡವರಿಸಿದವರಿಗೆ ಚಾಳೀಸು, ಅಂದರೆ ನಿಮ್ಮ ಕನ್ನಡಕ. ತಪ್ಪದೆ ಹೇಳಿದವರ ಹಣೆಗೆ ವಿಭೂತಿ. ಯಾರೂ ಮೋಸ ಮಾಡುತ್ತಿರಲಿಲ್ಲ, ಅದನ್ನು ತಿಳಿದುಕೊಳ್ಳಿ. ಕಣ್ಣು ಪರೀಕ್ಷೆ ಎಂದರೆ ಫಲಕವನ್ನು ಗಟ್ಟಿಯಾಗಿ, ಶುದ್ಧವಾಗಿ ಹೇಳುವುದು ಎಂದೇ ನಾವು ನಂಬಿದ್ದೆವು. ನೋಡುವುದಕ್ಕೂ ಅದಕ್ಕೂ ಸಂಬಂಧ ಇರಬೇಕು ಎಂದು ನಮಗೆ ಹೇಳಿಕೊಟ್ಟವರಿಲ್ಲ.

ಇದು ಹೀಗೆ ಆದದ್ದು ಹೇಗೆ ಎಂದು ನನ್ನ ಮಾವ ಹೇಳುತ್ತಿದ್ದ. ಅವನಿಗೆ ಅವನ ಅಜ್ಜ ಹೇಳಿದ್ದು. ಒಂದು ಕಾಲದಲ್ಲಿ ಕಣ್ಣು ನೋಡುವವರೆಲ್ಲ ಡಿಗ್ರಿ ಮುಗಿದ ಮೇಲೂ ವರ್ಷಕ್ಕೊಮ್ಮೆ ಒಂದೆಡೆ ಕೂಡಿ ಮತ್ತೆ ಪಾಠ ಕೇಳುತ್ತಿದ್ದರಂತೆ. ಹೊಸ ರೋಗ ಯಾವುದು, ಹಳೆಯ ರೋಗಕ್ಕೆ ಹೊಸ ಮದ್ದು ಯಾವುದು, ರೋಗಿಗೆ ಹೇಗೆ ಹೇಳಬೇಕು, ಯಾವಾಗ ದೊಡ್ಡ ಡಾಕ್ಟರ ಹತ್ತಿರ ಕಳಿಸಬೇಕು. ಅದಕ್ಕೆ ಮರುಪಾಠ ಎಂದು ಹೆಸರು. ಮೊದಮೊದಲು ಎಲ್ಲರೂ ಕೂತು ಕೇಳಿದರು. ಆಮೇಲೆ ಸಹಿ ಹಾಕಿ ಊಟದ ಸಾಲಿಗೆ ಹೋದರು. ಆಮೇಲೆ ಪಾಠ ಮನೆಯಲ್ಲೇ ಪರದೆಯ ಮೇಲೆ ಬಂತು. ಪರದೆ ತನ್ನ ಪಾಡಿಗೆ ಮಾತಾಡುತ್ತಿತ್ತು, ಇವರು ಆಚೆ ಕೋಣೆಯಲ್ಲಿ ಚಾಳೀಸು ಮಾರುತ್ತಿದ್ದರು. ಕೊನೆಗೆ ಯಂತ್ರ ಎಲ್ಲಾ ನೋಡುತ್ತದೆ, ಮನುಷ್ಯರಿಗೆ ಪಾಠ ಯಾಕೆ ಎಂದು ನಿಲ್ಲಿಸಿಯೇಬಿಟ್ಟರು. ನೀರೇರಿತು, ವಿದ್ಯುತ್ತು ಹೋಯಿತು, ಯಂತ್ರ ಕುರುಡಾಯಿತು. ಗೋಡೆಯ ಮೇಲೆ ಫಲಕ ಉಳಿಯಿತು, ಪೆಟ್ಟಿಗೆಯಲ್ಲಿ ನಾಲ್ಕು ಗಾಜು ಉಳಿದವು. ಕಣ್ಣಿನ ಒಳಗೆ ಹೇಗೆ ನೋಡಬೇಕು ಎಂಬುದು ಯಾರ ತಲೆಯಲ್ಲೂ ಉಳಿದಿರಲಿಲ್ಲ.

ಮಾವ ಹೇಳುವಾಗ ನಾನು ನಗುತ್ತಿದ್ದೆ. ಇದು ನನ್ನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ಗೊತ್ತಿರಲಿಲ್ಲ.

ಕಸ್ತೂರಿ ಮೆಟ್ಟಿಲಲ್ಲಿ ಎಡವುತ್ತಿದ್ದಳು. ಹೊಸಿಲಿಗೆ ಕಾಲು ತಾಗಿಸುತ್ತಿದ್ದಳು. ಮಗ್ಗುಲಲ್ಲೇ ಇಟ್ಟ ತಂಬಿಗೆಯನ್ನು ಮೊಣಕೈಯಿಂದ ಉರುಳಿಸಿ, ಇದು ಎಲ್ಲಿಂದ ಬಂತು ಎನ್ನುತ್ತಿದ್ದಳು. ಒಮ್ಮೆ ಎದುರು ಬಂಡಿ ಮಗ್ಗುಲಿಗೆ ಬಂದು ಉಜ್ಜಿ ಹೋಗುವವರೆಗೂ ಅವಳಿಗೆ ಕಾಣಲಿಲ್ಲ. ಭುಜ ಸುಲಿಯಿತು. ಎಳೆದುಕೊಂಡು ಕಣ್ಮನೆಗೆ ಹೋದೆ. ಅಲ್ಲಿ ಚನ್ನವೀರ ಇದ್ದಾನೆ, ನಾಲ್ಕು ತಲೆಮಾರಿನ ಕಣ್ಮನೆಯವನು. ಕೆಟ್ಟವನಲ್ಲ. ನನ್ನ ಕೈಯಲ್ಲಿ ಬೈಸಿಕೊಂಡೂ ನಗುವ ಗಂಡಸು ನಮ್ಮೂರಲ್ಲಿ ಅವನೊಬ್ಬನೇ. ಕಸ್ತೂರಿ ಎಡಗಣ್ಣಿಂದ ಹೇಳಿದಳು, ಬಲಗಣ್ಣಿಂದ ಹೇಳಿದಳು. ಗಂಟೆ ಬಡಿದ ಹಾಗೆ. "ಆಯಿ, ಒಂದ್ ಅಕ್ಷರ ತಪ್ಪಿಲ್ಲ ನೋಡ್ರಿ. ಇಂಥಾ ಕಣ್ಣ ನಮ್ಮೂರಾಗ ಇನ್ನೊಂದಿಲ್ಲ. ಹುಡುಗಿಗೆ ಲಗ್ನದ ಕನಸು ಬಿದ್ದಿರಬೇಕು, ಅದಕ್ಕ ಎಡವತಾಳ" ಎಂದ. ಹಣೆಗೆ ವಿಭೂತಿ ಹಚ್ಚಿ ಮತ್ತೆ ಬಂಡಿಗೆ ಕಳಿಸಿದ.

ಹೋದ ಚಳಿಗಾಲದಲ್ಲಿ ಕರಾವಳಿಯ ಕಡೆಯಿಂದ ಒಬ್ಬ ಹೆಂಗಸು ಬಂದಳು, ಸೆವ್ರಿನಬಾಯಿ. ಅವಳೂ ನಿಮ್ಮ ಕಸುಬಿನವಳೇ. ಅವರ ಕಡೆ ಮರುಪಾಠ ಬಿಟ್ಟಿರಲಿಲ್ಲವಂತೆ. ಹೊಸಬಳು ಕಣ್ಣು ನೋಡುತ್ತಾಳೆಂದು ಕಣ್ಮನೆಯಲ್ಲಿ ಜನ ಸಾಲುಗಟ್ಟಿದರು. ಸಾಲಿನಲ್ಲಿದ್ದ ಕಸ್ತೂರಿಯನ್ನು ಕೂರಿಸಿ, ಬಲಗಣ್ಣು ಮುಚ್ಚಿಸಿ, ಫಲಕ ಓದು ಎಂದಳು. ಕಸ್ತೂರಿ ಶುರು ಮಾಡಿದಳು. ಸೆವ್ರಿನಬಾಯಿ ಸದ್ದಿಲ್ಲದೆ ಹೋಗಿ ಫಲಕವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಳು. ಕಸ್ತೂರಿ ನಿಲ್ಲಿಸಲಿಲ್ಲ. ಬರೀ ಹಲಗೆಯನ್ನು ನೋಡುತ್ತ ಕೆಳಗಿನ ಸಾಲಿನವರೆಗೂ, ಇರುವೆಯಷ್ಟು ಅಕ್ಷರದವರೆಗೂ, ತಪ್ಪದೆ ಓದಿ ಮುಗಿಸಿದಳು. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ನಗು ಒಂದೊಂದೇ ಬಾಯಲ್ಲಿ ನಿಂತಿತು.

"ಬಾಯಿ ಹೇಳಿದ್ದು ಸಾಕು ಮಗಾ, ಈಗ ಕಣ್ಣು ಹೇಳಲಿ" ಎಂದಳು ಸೆವ್ರಿನಬಾಯಿ. "ನನ್ನ ಮೂಗನ್ನೇ ನೋಡು. ಬದಿಯಿಂದ ಬೆರಳು ತರ್ತೇನೆ, ಕಂಡ ಕೂಡಲೇ ಹೇಳು." ಬೆರಳು ಕಿವಿಯ ಹತ್ತಿರ ಬಂತು, ಕೆನ್ನೆಯ ಹತ್ತಿರ ಬಂತು. ನಮಗೆಲ್ಲ ಕಾಣುತ್ತಿತ್ತು, ಅವಳಿಗಿಲ್ಲ. ಎಡಗಣ್ಣಿಗೆ ಅದು ಕಾಣಲೇ ಇಲ್ಲ. ಬಲಗಣ್ಣಿಗೆ ಮೂಗಿನ ಹತ್ತಿರಕ್ಕೆ ಬಂದಾಗ ಕಂಡಿತು. ಕಸ್ತೂರಿ ನನ್ನ ಕಡೆ ತಿರುಗಿ ಕೇಳಿದಳು: "ಆಯಿ, ಫಲಕ ಹೇಳೂದಷ್ಟ ಅಲ್ಲೇನು? ನೋಡೂದೂ ಇರತೈತೇನು?"

ಈ ಮಾತನ್ನು ನಿಮಗೆ ತಲುಪಿಸಲಿಕ್ಕೇ ನನ್ನ ಹಿಂದೋಲೆ ಖರ್ಚು ಮಾಡುತ್ತಿದ್ದೇನೆ.

ಸೆವ್ರಿನಬಾಯಿ ಉಬ್ಬುಗಾಜು ಹಿಡಿದು, ದೀಪ ಬಿಟ್ಟು, ಕಣ್ಣಿನ ಒಳಗೆ ಬಹಳ ಹೊತ್ತು ನೋಡಿದಳು. ನಾನು ಏನೆಂದು ಗದರಿಸಿ ಕೇಳಿದರೆ ಕೈ ಎತ್ತಿ ತಡೆದಳು. "ಕಣ್ಣು ಅವಳದ್ದು, ಮೊದಲು ಅವಳಿಗೆ ಹೇಳ್ತೇನೆ. ನೀವು ಸ್ವಲ್ಪ ಕೂತ್ಕೊಳ್ಳಿ ಅಜ್ಜಿ" ಎಂದಳು. ನನಗೆ ಹಾಗೆ ಹೇಳುವವರು ಈ ಊರಲ್ಲಿ ಹುಟ್ಟಿಲ್ಲ. ಕೂತೆ. ಅವಳು ಕಸ್ತೂರಿಯ ಮುಂದೆ ಕೆಳಗೇ ಕೂತು, ಕೈ ಹಿಡಿದು, ಅವಸರವಿಲ್ಲದೆ ಹೇಳಿದಳು. ಕಣ್ಣಿನ ಹಿಂದೆ ಒಂದು ನರ, ಅಜ್ಜಿಯ ಹಗ್ಗದ ಹಾಗೆ ಎಳೆ ಎಳೆ. ಅದು ಸವೆಯುತ್ತಿದೆ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಕೊನೆಗೆ. ನೋವಿಲ್ಲ, ಕೆಂಪಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಎಡಗಣ್ಣು ಹೋಗಿದೆ. ಹೋದದ್ದು ಬರುವುದಿಲ್ಲ. ಬಲಗಣ್ಣಲ್ಲಿ ಅರ್ಧ ಇದೆ, ಹನಿ ಬಿಟ್ಟರೆ ಆ ಅರ್ಧ ಉಳಿಯಬಹುದು. ನೀವು ಗ್ಲಾಕೋಮಾ ಎನ್ನುತ್ತೀರಂತೆ. ನಾವು ಈಗ ಅಂಚುಗಳ್ಳ ಎನ್ನುತ್ತೇವೆ. ಆಮೇಲೆ ನನ್ನ ಕಡೆ ತಿರುಗಿ, ಮನೆಯಲ್ಲಿ ಬೇರೆ ಯಾರಿಗಾದರೂ ಕಣ್ಣು ಹೋಗಿತ್ತೇ ಎಂದು ಕೇಳಿದಳು. ನನ್ನ ಅಪ್ಪ ಮುದುಕನಾಗುವ ಮೊದಲೇ ಗೋಡೆ ಹಿಡಿದು ನಡೆಯುತ್ತಿದ್ದ. ಅಣ್ಣ ಮೆಟ್ಟಿಲಿಂದ ಬಿದ್ದು ಸತ್ತ. ಕಸ್ತೂರಿಯ ಅಪ್ಪ, ನನ್ನ ಮಗ, ಕತ್ತಲಾದರೆ ಹೊರಗೆ ಹೋಗುವುದಿಲ್ಲ. ನಾನು ಒಬ್ಬೊಬ್ಬರನ್ನೇ ಹೇಳುತ್ತ ಹೋದಂತೆ ಚನ್ನವೀರ ತಲೆ ತಗ್ಗಿಸಿದ. ಅವರೆಲ್ಲರ ಹಣೆಗೂ ಅವನ ಮನೆಯವರೇ ವಿಭೂತಿ ಹಚ್ಚಿದ್ದರು. ಇಷ್ಟು ವರ್ಷದಲ್ಲಿ ಈ ಒಂದು ಪ್ರಶ್ನೆ ಯಾರೂ ಕೇಳಿರಲಿಲ್ಲ.

ಕರಾವಳಿಯವರ ಮರುಪಾಠ ಹೇಗಿರುತ್ತದೆ ಎಂದು ಕೇಳಿದೆ. ಅದಕ್ಕೆ ಅವರು ತಪ್ಪಿನೂಟ ಎನ್ನುತ್ತಾರೆ. ಎಲೆ ಹಾಕಿರುತ್ತಾರೆ, ಮೀನುಸಾರು ಕುದಿಯುತ್ತಿರುತ್ತದೆ, ಆದರೆ ಆ ವರ್ಷ ತಾನು ನೋಡಿಯೂ ಗುರುತಿಸದೆ ಬಿಟ್ಟ ಒಂದು ಕಣ್ಣಿನ ಕಥೆಯನ್ನು ಎಲ್ಲರ ಮುಂದೆ ಹೇಳದವರಿಗೆ ಬಡಿಸುವುದಿಲ್ಲ. ತಪ್ಪೇ ಮಾಡಿಲ್ಲ ಎನ್ನುವವನನ್ನು ಹಸಿದ ಹೊಟ್ಟೆಯಲ್ಲೇ ಮನೆಗೆ ಕಳಿಸುತ್ತಾರೆ. ಅವನು ಯಾರ ಕಣ್ಣನ್ನೂ ಸರಿಯಾಗಿ ನೋಡಿಲ್ಲ ಎಂದು ಅರ್ಥವಂತೆ. ನಾವೂ ಹಗ್ಗಕ್ಕೆ ಹಾಗೇ ಮಾಡುತ್ತೇವೆ. ಹೊರಗಿನಿಂದ ಎಳೆದು ನೋಡಿದರೆ ಎಲ್ಲಾ ಹಗ್ಗವೂ ಗಟ್ಟಿ. ವರ್ಷಕ್ಕೊಮ್ಮೆ ಹುರಿ ಬಿಚ್ಚಿ ಒಳಗಿನ ಎಳೆ ನೋಡಬೇಕು.

ಸೆವ್ರಿನಬಾಯಿ ಹೊರಡುವಾಗ ಚನ್ನವೀರನನ್ನು ಕರೆದಳು. ಒಂದು ಹಂಗಾಮು ನಮ್ಮಲ್ಲಿ ಬಂದು ಇರು, ಕಲಿಸುತ್ತೇವೆ, ಗಾಜು ದೀಪ ಕೊಟ್ಟು ಕಳಿಸುತ್ತೇವೆ ಎಂದಳು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಈ ವಯಸ್ಸಿನ್ಯಾಗ ಮತ್ತ ಸಾಲಿಗೆ ಹೋಗಲೇನ್ರಿ ಬಾಯಾರ? ನಮ್ಮಜ್ಜ ಕಲಿಸಿದ್ದ ನನಗ ಸಾಕು" ಎಂದ. ನಿಮ್ಮಜ್ಜ ಕಲಿಸಿದ್ದು ನನ್ನ ಮನೆಯ ನಾಲ್ಕು ಜನರ ಕಣ್ಣಿಗೆ ಸಾಕಾಯಿತು, ಇನ್ನು ಯಾರ ಮನೆ ಉಳಿದಿದೆ ನೋಡು ಎಂದೆ. ಅವನು ಕರಾವಳಿಗೆ ಹೋಗಲಿಲ್ಲ. ಫಲಕವನ್ನು ಮತ್ತೆ ನೇರ ಮಾಡಿ ತೂಗುಹಾಕಿದ.

ಅಂದಿನಿಂದ ಕಸ್ತೂರಿ ಬಂಡಿ ಬಿಟ್ಟು ನನ್ನ ಜೊತೆ ನಾರು ಬಿಡಿಸುತ್ತ ಕೂರುತ್ತಾಳೆ. ಮಲಗುವ ಮೊದಲು ಹನಿ ಬಿಟ್ಟು, ಸೆವ್ರಿನಬಾಯಿ ತೋರಿಸಿದ ಹಾಗೆ ಮೂಗಿನ ಕಡೆಯ ಮೂಲೆಯನ್ನು ಬೆರಳಿಂದ ಒತ್ತಿ ಹಿಡಿಯುತ್ತೇನೆ. ಶೀಶೆಯನ್ನು ಬೆಳಕಿಗೆ ಹಿಡಿದರೆ ತಳ ಕಾಣುತ್ತಿದೆ. ಕರಾವಳಿಯವರ ಹನಿ ತರುವ ದೋಣಿ ಬಂದಿಲ್ಲ. ಹಿನ್ನೀರು ಇಳಿದು ದಾರಿ ಕೆಸರಾಗಿದೆ, ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮೊನ್ನೆ ಕಸ್ತೂರಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಣ್ಣಿನ ನಡುವಿಗೆ ತಂದುಕೊಂಡು ಸುಮ್ಮನೆ ನೋಡುತ್ತಿದ್ದಳು. ಏನೇ ಎಂದೆ. "ಬಾಯಿಪಾಠ ಮಾಡಾಕತ್ತೀನಿ, ಸುಮ್ಕಿರು" ಎಂದಳು.

ನಾನು ನಿಮ್ಮಿಂದ ಹನಿ ಕೇಳುತ್ತಿಲ್ಲ, ಅದು ಇಲ್ಲಿಗೆ ಬರುವುದಿಲ್ಲ. ನಿಮ್ಮ ಮರುಪಾಠದ ದಿನ ಬಂದಾಗ ಹೋಗಿ, ಕೂತು, ಕೇಳಿ. ಗೊತ್ತಿರುವುದೇ ಆದರೂ ಕೇಳಿ. ಪರದೆ ಹಚ್ಚಿಟ್ಟು ಎದ್ದು ಹೋಗಬೇಡಿ. ಬಂದವರು ಕೊನೆಯ ಸಾಲು ಓದಿದರು ಎಂದು ಅಷ್ಟಕ್ಕೇ ಬಿಟ್ಟು ಕಳಿಸಬೇಡಿ. ಕಣ್ಣಿನ ಒತ್ತಡ ನೋಡಿ, ಒಳಗಿನ ನರ ನೋಡಿ, ಮೆಟ್ಟಿಲಲ್ಲಿ ಎಡವುತ್ತೀರಾ ಎಂದು ಕೇಳಿ. ಗೊತ್ತಾಗದಿದ್ದರೆ ಗೊತ್ತಿದ್ದವರ ಹತ್ತಿರ ಕಳಿಸಿ, ಅದರಲ್ಲಿ ನಾಚಿಕೆ ಏನಿದೆ. ಹನಿ ಬಿಟ್ಟರೂ ಕಣ್ಣು ಹೆಚ್ಚಾಗಲಿಲ್ಲ ಎಂದು ಬಿಟ್ಟುಬಿಡುತ್ತಾರೆ ಜನ. ಅದು ಹೆಚ್ಚು ಮಾಡುವುದಿಲ್ಲ, ಇದ್ದದ್ದನ್ನು ಉಳಿಸುತ್ತದೆ ಎಂದು ಪಕ್ಕದಲ್ಲಿ ಕೂತು ಹೇಳಿ. ಮತ್ತೆ ಕಲಿತದ್ದನ್ನು ನಿಮ್ಮ ನಂತರದವರಿಗೆ ಕಲಿಸಿ, ಅವರು ಅವರ ನಂತರದವರಿಗೆ. ಆ ಸಾಲಿನಲ್ಲಿ ಯಾರೂ ಎದ್ದು ಊಟಕ್ಕೆ ಹೋಗದಿದ್ದರೆ ಅದು ಚನ್ನವೀರನವರೆಗೂ ಬರುತ್ತದೆ.

ಹಿಂದೋಲೆಗೆ ಉತ್ತರ ಬರುವುದಿಲ್ಲ. ಕಳಿಸುವ ಕಟ್ಟೆಯವನು ಹೇಳಿದ್ದಾನೆ, ಹೋದದ್ದು ಹೋಯಿತು, ಮುಟ್ಟಿತೋ ಇಲ್ಲವೋ ಕೇಳಬೇಡ ಎಂದು. ಆದರೆ ನನಗೆ ತಿಳಿಯುವ ದಾರಿ ಒಂದಿದೆ. ನಾಳೆ ಮುಂಜಾನೆ ಕಸ್ತೂರಿಯ ಕೈ ಹಿಡಿದು, ಮೆಟ್ಟಿಲಿಳಿದು, ಕಣ್ಮನೆಗೆ ಹೋಗುತ್ತೇನೆ. ಚನ್ನವೀರನ ಮುಂದಿನ ಮಣೆಯ ಮೇಲೆ ಅವಳನ್ನು ಕೂರಿಸಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ, ಅದು ನನಗೆ ಎಷ್ಟು ಕಷ್ಟ ಎಂದು ಊರಿಗೆ ಗೊತ್ತು. ಅವನು ಫಲಕ ಹೇಳವ್ವಾ ಎಂದರೆ, ನೀವು ನನ್ನ ಮಾತು ಕೇಳಲಿಲ್ಲ. ದೀಪ ಹತ್ತಿರಕ್ಕೆ ಎಳೆದುಕೊಂಡು, ಮನೆಯಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತೇನು ಎಂದು ಕೇಳಿದರೆ, ಕೇಳಿದಿರಿ.

ನಾಳೆಯವರೆಗೆ ನಿಮ್ಮನ್ನು ನಂಬಿರುತ್ತೇನೆ.

ನಿಂಬೆವ್ವ
ಹಗ್ಗದವಳು