ಜಮೀನದಾರನ ಸಹಿ

ಕುಣಿಕೋಣೂರ, ತಾ. ಜತ್ತ
ಸೋಮವಾರ, ೨೯-೯-೨೦೨೫

ಮುದ್ದಿನ ಮೊಮ್ಮಗ ಸೋಮಲಿಂಗನಿಗೆ,

ನಿನ್ನ ಮುತ್ಯಾ ಲಗಮಣ್ಣ ಮಾಡುವ ಆಶೀರ್ವಾದ. ಹೇಗಿದ್ದೀಯಪ್ಪಾ? ಹೋದ ಸಲ ಬಂದಾಗ ಎಡಗೈ ಹೆಬ್ಬೆರಳಿಗೆ ಮಷೀನಿನ ಗಾಯವಾಗಿತ್ತು, ಮಾಯಿತೇ? ಪಾಳಿ ಮುಗಿಸಿ ರೂಮಿಗೆ ಬಂದು ಉಣ್ಣದೆ ಮಲಗುತ್ತೀಯೆಂದು ತಾನಾಜಿ ಹೇಳಿದ. ಹಾಗೆ ಮಾಡಬೇಡ. ರಜೆ ಮುಗಿಸಿ ನಿಮ್ಮ ಕಂಪನಿಗೆ ಹೊರಟಿರುವ ಅವನ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ. ಜೊತೆಗೆ ನಿನ್ನ ಸುಮನತ್ತೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಳೆ. ರೂಮಿನ ಹುಡುಗರಿಗೂ ಕೊಡು, ಆದರೆ ಎಲ್ಲವನ್ನೂ ಕೊಡಬೇಡ. ನೀನು ಚಿಕ್ಕಂದಿನಿಂದಲೂ ಹಂಚಿ ಹಂಚಿ ಕೊನೆಗೆ ಹಸಿದು ಕೂರುವವನು. ನನ್ನ ಆರೋಗ್ಯ ಕೇಳಬೇಡ. ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಬೈದು ಬೈದು ನಡೆಸುತ್ತೇನೆ. ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ಫೋನಿರುವಾಗ ಮುತ್ಯಾ ಕಾಗದ ಯಾಕೆ ಬರೆದ ಎಂದು ನಗಬೇಡ. ಮನೆಯಲ್ಲಿರುವ ಒಂದು ಫೋನು ಸುಮನಳ ಮಗಳು ಕಾಜಲ್‌ಳದು. ನಿನಗೆ ಹಚ್ಚಿದ ಕೂಡಲೇ ಸ್ಪೀಕರ್ ಮಾಡಿ, ತಾಯಿ ಮಗಳು ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂರುತ್ತಾರೆ. ನಾನು ಹೇಳಬೇಕಾದದ್ದು ಅವರು ಕೇಳಬಾರದ್ದು. ನಿನ್ನ ಕಾರಿನ ವಿಷಯ.

ದಸರೆಯ ದಿನ, ಗುರುವಾರ, ಸಾಂಗಲಿಯ ಶೋರೂಮಿನಿಂದ ಗಾಡಿ ಬಿಡಿಸಿಕೊಂಡು ನೆಟ್ಟಗೆ ಮನೆಗೆ ಬರುತ್ತೇನೆ ಎಂದು ನೀನು ಹೇಳಿದಾಗಿನಿಂದ ಈ ಹೆಂಗಸರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಾನೂ ಮೊದಲು ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ? ಆಮೇಲೆ ತಲೆ ಓಡಿತು. ಹನ್ನೊಂದು ತಿಂಗಳಿಗೊಮ್ಮೆ ಗೇಟ್‌ಪಾಸ್ ಬದಲಿಸುವ ಗುತ್ತಿಗೆ ಕೆಲಸ ನಿನ್ನದು, ಎಂಬತ್ತನಾಲ್ಕು ತಿಂಗಳ ಹಪ್ತೆ ಕಾರಿನದು. ನಡುವೆ ಅವರು ಪಾಸ್ ಕೊಡದಿದ್ದರೆ? ಪಗಾರದ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋದರೆ ನೀನು ತಿನ್ನುವುದೇನು, ಸ್ಟೇರಿಂಗನ್ನೇ? ನಾವು ಒಂದು ಕುರಿ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಉಣ್ಣೆಯೊಳಗೆ ಕೈಹಾಕಿ ಬೆನ್ನು ನೋಡುತ್ತೇವೆ, ಮೂರು ವರ್ಷದಲ್ಲಿ ಅದು ಮರಿಹಾಕಿ ಐದಾಗುತ್ತದೆ. ನಿನ್ನ ಗಾಡಿ ಮೂರು ವರ್ಷಕ್ಕೆ ಅರ್ಧ ಬೆಲೆಗೆ ಇಳಿಯುತ್ತದೆಂದು ತಾನಾಜಿಯೇ ಹೇಳಿದ. ಇದನ್ನೆಲ್ಲ ನೀನು ಬಂದಾಗ ಹೇಳಿ ಜಗಳವಾಡಬಹುದಿತ್ತು. ಆದರೆ ಅಷ್ಟು ದಿನ ಕಾಯುವ ಹಾಗಿಲ್ಲ, ಯಾಕೆಂದರೆ ನಿನ್ನ ಮುತ್ಯಾ ಒಂದು ಹೇಸಿ ಕೆಲಸ ಮಾಡಿ ಕೂತಿದ್ದಾನೆ.

ಹೋದ ಬುಧವಾರ ಸುಮನ ಹೊಲಕ್ಕೆ ಹೋದಾಗ ನಿನ್ನ ಕಾರಿಗೆ ಸಾಲ ಕೊಡುವ ಫೈನಾನ್ಸಿನವನು ಬಂದ. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಕಾಗದದ ಕಟ್ಟು. ನಾನು ಕುರಿ ದೊಡ್ಡಿಯ ಬೇಲಿ ಕಟ್ಟುತ್ತಿದ್ದೆ. "ಆಜೋಬಾ, ಜಾಮೀನದಾರ ತುಮ್ಹೀಚ ನಾ?" ಎಂದು ಮರಾಠಿಯಲ್ಲಿ, ನೀವೇ ಅಲ್ಲವೇ ಎಂದು, ಕೇಳಿದ. ನನ್ನ ಕಿವಿಗೆ ಬಿದ್ದದ್ದು ಜಮೀನದಾರ. ಜೀವಮಾನವೆಲ್ಲ ಕುರಿಯ ಹಿಂದೆ ತಿರುಗಿದವನನ್ನು ಇಲ್ಲಿಯವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಹಳ್ಳದ ದಂಡೆಯ ನಾಲ್ಕೆಕರೆ ನೆನೆದು, ಮೀಸೆ ತಿರುವಿ, "ಹೋ ಸಾಹೇಬ, ಮೀಚ ಜಮೀನದಾರ", ಹೌದು ನಾನೇ, ಎಂದೆ. ಅವನು ಹೊಲದ ಕಾಗದ, ಸಾತಬಾರಾ ಕೇಳಿದ. ಟ್ರಂಕಿನಿಂದ ಹೊಲದ ಉತಾರೆ ತೆಗೆದುಕೊಟ್ಟೆ. ಅವನು ತೋರಿಸಿದಲ್ಲೆಲ್ಲ ಕನ್ನಡದಲ್ಲಿ ದುಂಡಗೆ ಸಹಿ ಮಾಡಿದೆ. ಅಕ್ಷರ ಚೆನ್ನಾಗಿದೆಯೆಂದು ಹೊಗಳಿದ, ಚಹಾ ಕುಡಿಸಿ ಕಳಿಸಿದೆ. ಮರುದಿನ ಆ ಕಾಗದದ ನಕಲನ್ನು ನಿನಗೆ ಕಲಿಸಿದ ಶಿವಯೋಗೆಪ್ಪ ಮಾಸ್ತರರಿಗೆ ಜಂಬದಿಂದ ತೋರಿಸಿದೆ. ಅವರು ಎರಡು ಸಲ ಓದಿ, "ಲಗಮಣ್ಣಾ, ಇದು ಜಮೀನಲ್ಲೋ, ಜಾಮೀನ. ಸೋಮ್ಯಾ ಹಪ್ತೆ ತುಂಬಲಿಲ್ಲಂದ್ರ ನೀ ತುಂಬಬೇಕು. ನೀ ತುಂಬಲಿಲ್ಲಂದ್ರ ನಿನ್ನ ಹೊಲಕ್ಕ ಬರ್ತಾರ" ಎಂದರು. ಜತ್ತದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿ ನಲವತ್ತು ವರ್ಷ ಕುರಿ ವ್ಯಾಪಾರ ಮಾಡಿದ್ದೇನೆ, ಒಮ್ಮೆಯೂ ಒಂದು ಬೆರಳು ತಪ್ಪಿಲ್ಲ. ಈ ವಯಸ್ಸಿಗೆ ಒಂದು ದೀರ್ಘಕ್ಕೆ ಎಡವಿ ಬಿದ್ದೆ.

ಆ ಹೊಲ ನನ್ನದಲ್ಲಪ್ಪಾ. ಉತಾರೆಯಲ್ಲಿ ನನ್ನ ಹೆಸರಿದೆ, ಅಷ್ಟೇ. ಗಂಡ ಬಿಟ್ಟಾಗ ಮೂರು ತಿಂಗಳ ಕಾಜಲ್‌ಳನ್ನು ಎತ್ತಿಕೊಂಡು ತವರಿಗೆ ಬಂದ ಸುಮನ, ತಂದೆತಾಯಿ ಇಲ್ಲದ ನಿನ್ನನ್ನೂ ಅದೇ ಮಡಿಲಲ್ಲಿ ಬೆಳೆಸಿದಳು. ಹೊಲ ಅವಳಿಗೇ ಎಂದು ನಾವು ಗಂಡಹೆಂಡತಿ, ನಾನೂ ನಿನ್ನ ಆಯಿಯೂ, ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೇವೆ. ದೀಪಾವಳಿ ಮುಗಿದ ಮೇಲೆ ಅವಳ ಹೆಸರಿಗೆ ಮಾಡಿಸುವವನಿದ್ದೆ. ಅದೊಂದು ಬಿಟ್ಟರೆ ಅವಳಿಗೆ ಈ ಲೋಕದಲ್ಲಿ ನಿಲ್ಲಲು ಅಂಗೈಯಷ್ಟು ನೆಲವಿಲ್ಲ. ಅವಳು ತಾಟಿಗೆ ರೊಟ್ಟಿ ಹಾಕಿದರೆ ಮುಖ ಎತ್ತಿ ನೋಡಲಾಗುತ್ತಿಲ್ಲ. ನನಗೆ ಭಾಳ ಹೆದರಿಕೆಯಾಗಿದೆ ಸೋಮ್ಯಾ.

ನೀನು ಶೋಕಿಗಾಗಿ ಹಟ ಹಿಡಿದಿಲ್ಲ ಎಂದು ನನಗೆ ಗೊತ್ತು. ಎರಡು ವರ್ಷದ ಹಿಂದೆ ನಿನ್ನ ಆಯಿ ಯಮನವ್ವ ದವಾಖಾನೆಯ ದಾರಿಯಲ್ಲೇ ತೀರಿಕೊಂಡಾಗ, ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು, "ಮನಿ ಮುಂದ ಒಂದ ಗಾಡಿ ಇದ್ದಿದ್ರ ಆಯಿ ಉಳೀತಿದ್ಲ ಮುತ್ಯಾ" ಎಂದು ಅತ್ತಿದ್ದೆ. ನಾನು ನಿನ್ನ ಬೆನ್ನು ಸವರುತ್ತ ಸುಮ್ಮನೆ ಕೂತಿದ್ದೆ. ಹಾಗೆ ಸುಮ್ಮನಿರಬಾರದಿತ್ತು. ಗಾಡಿ ಇತ್ತಪ್ಪಾ. ಮಧ್ಯಾಹ್ನದಿಂದಲೇ ನೆರೆಮನೆಯ ಶಿವಲಿಂಗನ ಜೀಪು ಬೇವಿನ ಗಿಡದ ಕೆಳಗೆ ನಿಂತಿತ್ತು. ಅವನು ಎರಡು ಸಲ ಬಂದು, "ಏಳ್ರಿ ಕಾಕಾ, ಲಗೂನ ಜತ್ತಕ್ಕ ಒಯ್ಯೂಣು" ಎಂದ. ಅವಳಿಗೆ ಪಿತ್ತ ಏರಿರಬೇಕು, ಕುರಿ ದೊಡ್ಡಿಗೆ ಬರಲಿ, ಆಮೇಲೆ ನೋಡೋಣ ಎಂದವನು ನಾನು. ಕುರಿ ಬಂದವು, ಎಣಿಸಿ ಕೂಡಿದೆ, ಆಮೇಲೆ ಹೊರಟೆವು. ಅರ್ಧ ದಾರಿಯಲ್ಲಿ ನನ್ನ ಕೈಯಲ್ಲಿದ್ದ ಅವಳ ಕೈ ತಣ್ಣಗಾಯಿತು. ಇದನ್ನು ಯಾರಿಗೂ ಹೇಳಬೇಡವೆಂದು ಶಿವಲಿಂಗನಿಂದ ಮಾತು ತೆಗೆದುಕೊಂಡೆ. ಬೈಯುವುದಿದ್ದರೆ ನನ್ನನ್ನು ಬೈ, ಮುಖ ನೋಡುವುದಿಲ್ಲ ಎಂದರೂ ತಡೆದುಕೊಳ್ಳುತ್ತೇನೆ. ನನ್ನ ತಪ್ಪಿಗೆ ನೀನು ಏಳು ವರ್ಷ ಹಪ್ತೆ ತುಂಬಬೇಡ.

ಮಾಸ್ತರರು ಫೈನಾನ್ಸಿನವನಿಗೆ ಫೋನು ಮಾಡಿ ಕೇಳಿದರು. ನಿನಗೂ ಹಚ್ಚಿಕೊಡುತ್ತೇನೆಂದರು, ಆಯಿಯ ವಿಷಯ ಅವರ ಮುಂದೆ ಹೇಳಲಾರದೆ ಬೇಡವೆಂದೆ. ನಾನು ಹೋಗಿ ಅವರ ಬಾಗಿಲಲ್ಲಿ ಬಿದ್ದರೂ ನನ್ನ ಹೆಸರು ತೆಗೆಯುವುದಿಲ್ಲವಂತೆ. ಸಾಲ ಕೇಳಿದವನೇ ತನಗೆ ಬೇಡವೆಂದು ಹೇಳಬೇಕು, ಅದೂ ಗಾಡಿ ಕೈಗೆ ಬರುವ ಮೊದಲು. ಗುರುವಾರ ಅವರ ಆಫೀಸಿಗೆ ರಜೆ. ಅಂದರೆ ಬುಧವಾರ ಸಂಜೆಯೊಳಗೆ ನೀನು ಹೇಳಿ ಮುಗಿಸಬೇಕು. ಈ ಕಾಗದ ಮಂಗಳವಾರ ನಿನ್ನ ಕೈ ಸೇರಿದರೆ ನಿನಗಿರುವುದು ಒಂದೇ ದಿನ. ಬುಕಿಂಗಿಗೆ ಕೊಟ್ಟದ್ದು ಮುಳುಗಿದರೆ ಮುಳುಗಲಿ, ಎರಡು ಟಗರು ಮಾರಿ ಕೊಡುತ್ತೇನೆ. ಮುಂದೆ ನಿನ್ನ ಕೆಲಸ ಕಾಯಂ ಆದಾಗ ನೀನೇ ತೆಗೆದುಕೋ, ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿಕೊಂಡು ಕೂರುವವನು ನಾನೇ. ಈಗ ಬೇಡ. ನಿನ್ನ ಕಾಲು ಹಿಡಿಯುತ್ತೇನೆ ಎಂದು ಬರೆಯಬೇಕೆನಿಸುತ್ತದೆ. ಮುತ್ಯಾ ಹಾಗೆ ಬರೆದರೆ ಮೊಮ್ಮಗನಿಗೆ ಒಳ್ಳೆಯದಲ್ಲವೆಂದು ಕೈ ತಡೆದಿದ್ದೇನೆ.

ಈ ಕಾಗದದ ಮಡಿಕೆಯೊಳಗೆ ಬೀರಪ್ಪನ ಭಂಡಾರ ಇಟ್ಟಿದ್ದೆ. ಬಿಚ್ಚುವಾಗ ಚೆಲ್ಲಿದ್ದರೆ ನೆಲದಿಂದಲೇ ಎತ್ತಿ ಹಣೆಗೆ ಹಚ್ಚಿಕೋ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಡಲಿ, ಹೊತ್ತಿಗೆ ಸರಿಯಾಗಿ ಊಟ ಕೊಡಲಿ.

ನಿನ್ನ ಮೇಲೆಯೇ ಜೀವ ಇಟ್ಟುಕೊಂಡಿರುವ
ಮುತ್ಯಾ ಲಗಮಣ್ಣ

ತಾ.ಕ.: ತಾನಾಜಿ ಬಸ್ಸು ಬಂತೆಂದು ಅವಸರ ಮಾಡುತ್ತಿದ್ದಾನೆ. ಹೊರಗೆ ಸಪ್ಪಳವಾಯಿತೆಂದು ಹೋಗಿ ನೋಡಿ ಬಂದೆ. ಸುಮನ ಕುರಿ ದೊಡ್ಡಿಯ ಮುಂದಿನ ಬೇಲಿಯನ್ನು ಪೂರ್ತಿ ಕಿತ್ತುಹಾಕಿದ್ದಾಳೆ. ಮುಂಗೈಯೆಲ್ಲ ಜಾಲಿಮುಳ್ಳು ಗೀರಿ ರಕ್ತ. ಕಾಜಲ್ ಅಲ್ಲಿ ಸಗಣಿ ಸಾರಿಸುತ್ತಿದ್ದಾಳೆ. "ಸೋಮ್ಯಾನ ಗಾಡಿ ನಿಂದ್ರಾಕ ಜಾಗಾ ಬೇಕಲ್ಲಪ್ಪಾ" ಎಂದು ಸುಮನ ನಗುತ್ತಾಳೆ. ಇನ್ನು ಕುರಿ ಎಲ್ಲಿ ಕೂಡುವುದೆಂದು ಕೇಳಿದರೆ, "ನಮ್ಮ ಹೊಲಾ ಐತಲ್ಲ" ಎಂದಳು. ಬೇಲಿ ನಾನು ಮತ್ತೆ ಕಟ್ಟುತ್ತೇನೆ ಸೋಮ್ಯಾ, ನೀನು ಬಸ್ಸಿಗೆ ಬಾ.