ಮಾವನವರ ಸೈಕಲ್ಲಿಗೆ ಎಷ್ಟು ಬಲ ಬೇಕು

ಮನೆ
ಮಾರ್ಚ್ ೧೪, ಶನಿವಾರ

ನನ್ನವರಿಗೆ,

ಹೇಗಿದ್ದೀರಿ? ಸುರಂಗದ ಧೂಳಿಗೆ ಮತ್ತೆ ಕೆಮ್ಮು ಶುರುವಾಯಿತೇ? ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟ ಬಟ್ಟೆ ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದೆ ಕೂತಿದೆ ಎಂದು ಗೊತ್ತು; ಇರಲಿ. ನಿಮ್ಮ ಕ್ಯಾಂಪಿಗೆ ಫೋನು ತಲುಪುವುದಿಲ್ಲ, ಅದಕ್ಕೇ ಸಾಮಾನಿನ ಲಾರಿಯವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮೊಣಕೈ ತರಚಿದ್ದು ಬಿಟ್ಟರೆ ನಾನು ಚೆನ್ನಾಗಿದ್ದೇನೆ.

ಮಾವನವರಿಗೆ ನೀವು ತಂದುಕೊಟ್ಟ ಬ್ಯಾಟರಿ ಸೈಕಲ್ಲಿನ ವಿಷಯ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ತಮ್ಮ ಗಡಿಯಾರ ರಿಪೇರಿಯಂಗಡಿಯ ಏರು ಹತ್ತುವಾಗ ದಣಿವಾಗಬಾರದೆಂದು ನೀವು ಮೋಟಾರಿನ ನೆರವನ್ನು ಪೂರ್ತಿ ಐದಕ್ಕೆ ಇಟ್ಟು ಹೋದಿರಿ. ಸರಿಯೇ, ಅಂಗಡಿಗೆ ಹೋಗದ ದಿನ ಅವರು ಅರ್ಧ ಮನುಷ್ಯ. ಆದರೆ ಅವರು ಸೈಕಲ್ ಹತ್ತುವ ರೀತಿಯನ್ನು ನಾವಿಬ್ಬರೂ ಯೋಚಿಸಲಿಲ್ಲ. ಎಡಗಾಲು ಪೆಡಲಿನ ಮೇಲೆ, ಬಲಗಾಲಿನಿಂದ ನೆಲ ಒದೆಯುತ್ತಾ ಒಂದಿಷ್ಟು ದೂರ ಓಡಿಸಿ, ಆಮೇಲೆ ಕಾಲೆಸೆದು ಕೂರುವುದು. ಈ ಸೈಕಲ್ಲಿಗೋ ಪೆಡಲಿನ ಮೇಲೆ ಭಾರ ಬಿದ್ದರೆ ಸಾಕು, ಸವಾರ ಕೂತನೋ ಇಲ್ಲವೋ ನೋಡದೆ ಹೊರಟುಬಿಡುತ್ತದೆ. ಹೋದ ವಾರ ಗೇಟಿನಿಂದ ಎದುರುಮನೆಯ ಬೇಲಿಯವರೆಗೂ ಅವರನ್ನು ಎಳೆದುಕೊಂಡು ಹೋಯಿತು. "ಮರಳು ಜಾರ್ತಮ್ಮ" ಎಂದರು. ಅಲ್ಲಿ ಮರಳೇ ಇಲ್ಲ. ಅವರು ಊಟ ಮಾಡಿ ಮಲಗಿದಾಗ ನಾನೂ ಅವರ ಹಾಗೆಯೇ ಹತ್ತಿ ನೋಡಿದೆ. ಮೊಣಕೈಯ ಕಥೆ ಅದು.

ಒಂದಕ್ಕೆ ಇಳಿಸಿದೆ. ಅವತ್ತು ಏದುಸಿರು ಬಿಡುತ್ತಾ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರೆಂದು ಪಕ್ಕದ ದರ್ಜಿ ಫೋನ್ ಮಾಡಿದ. ಮೂರಕ್ಕೆ ಇಟ್ಟೆ. ಗೇಟಿನಲ್ಲಿ ಅದೂ ಹೆಚ್ಚು, ಏರಿನಲ್ಲಿ ಅದೂ ಕಡಿಮೆ. ಸೊನ್ನೆಯಲ್ಲಿ ಹತ್ತಿ, ಕೂತ ಮೇಲೆ ಗುಂಡಿ ಒತ್ತಿ ಏರಿಸಿಕೊಳ್ಳಿ ಎಂದರೆ, "ಗಡಿಯಾರದೊಳಗಿನ ಕೂದಲಿನಂಥ ಸ್ಪ್ರಿಂಗ್ ಕಾಣತ್ತೆ, ಇದರ ನಂಬರ್ ಮಾತ್ರ ಕಾಣಲ್ಲ" ಎಂದು ನಗುತ್ತಾರೆ. ಮೊದಲು ಕೂತುಕೊಳ್ಳಿ ಮಾವ, ಆಮೇಲೆ ತುಳಿಯಿರಿ ಎಂದರೆ, "ಕೂತ್ಕೊಂಡು ಹೊರಡೋಕೆ ಇದೇನಮ್ಮ ಬಸ್ಸಾ?" ದರ್ಜಿಯ ಮುಂದೆಯೂ ಹೇಳಿದ್ದಾರಂತೆ, "ಅಡುಗೆಗೆ ಉಪ್ಪು ನೋಡೋ ಹಾಗೆ ನನ್ನ ಸೊಸೆ ದಿನಾ ನನ್ನ ಸೈಕಲ್ ರುಚಿ ನೋಡ್ತಾಳೆ."

ಕೊನೆಗೆ ನಿನ್ನೆ ಬ್ಯಾಟರಿಯನ್ನೇ ಬಿಚ್ಚಿ ನನ್ನ ಬೀರುವಿನಲ್ಲಿಟ್ಟೆ. ಚಾರ್ಜ್ ನಿಲ್ಲುತ್ತಿಲ್ಲ, ರಿಪೇರಿಗೆ ಕೊಡಬೇಕು ಎಂದೆ. ಜೀವಮಾನವಿಡೀ ರಿಪೇರಿ ಮಾಡಿದವರ ಮುಂದೆ ರಿಪೇರಿಯ ಸುಳ್ಳು! ನನ್ನ ಮುಖವನ್ನೇ ನೋಡಿ, "ಆಗ್ಲಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರು. ಆಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ನನಗಿರುವ ಭಯ ಅವರು ಬಿದ್ದಾರು ಎಂದೋ, ನನ್ನ ಉಸ್ತುವಾರಿಯಲ್ಲಿ ಬಿದ್ದಾರು ಎಂದೋ? ನೀವಿಲ್ಲದಾಗ ಏನಾದರೂ ಆದರೆ ನಾಲ್ಕು ಜನ ಏನಂದಾರು ಎಂಬುದೂ ಅದರಲ್ಲಿ ಬೆರೆತಿದೆ. ಇಷ್ಟು ತಿಳಿದ ಮೇಲೂ ಬೀರು ತೆಗೆಯಲು ಕೈ ಬರುತ್ತಿಲ್ಲ. ನಿಮ್ಮ ಮಾತಾದರೆ ಕೇಳುತ್ತಾರೆ. ಮುಂದಿನ ರಜೆಯಲ್ಲಿ ಪಕ್ಕದಲ್ಲೇ ನಿಂತು, ಕೂತು ಹೊರಡುವುದನ್ನು ರೂಢಿ ಮಾಡಿಸಿ. ಅವಸರವೇನಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಾವನವರು ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ನಿಮ್ಮವಳು

ತಾ.ಕ.: ಅವಸರವಿಲ್ಲ ಎಂದದ್ದನ್ನು ಹೊಡೆದುಹಾಕಿ. ಲಕೋಟೆ ಅಂಟಿಸುವಾಗ ಗೇಟಿನ ಸದ್ದಾಯಿತು. ಮಾವ ಬ್ಯಾಟರಿಯಿಲ್ಲದ ಸೈಕಲ್ಲನ್ನೇ ಹತ್ತಿ ಹೊರಟಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ, ಏರಿನ ಅರ್ಧದಲ್ಲಿ ಇಳಿದು ಆ ಭಾರವನ್ನು ತಳ್ಳುತ್ತಿದ್ದಾರೆ. ಕರೆದರೂ ತಿರುಗಲಿಲ್ಲ. ಬ್ಯಾಟರಿಯನ್ನು ಚೀಲಕ್ಕೆ ಹಾಕಿಕೊಂಡು ಈಗಲೇ ಓಡುತ್ತೇನೆ, ಸುಳ್ಳು ಹೇಳಿದೆ ಮಾವ ಎಂದು ನಡುರಸ್ತೆಯಲ್ಲೇ ಹೇಳಿಬಿಡುತ್ತೇನೆ. ರಜೆಗೆ ಕಾಯಬೇಡಿ. ಸಿಕ್ಕ ಗಾಡಿ ಹತ್ತಿ ಬನ್ನಿ.