ಎಡಮೂಲೆಯ ಅಕ್ಕ

ಭಾವನವರಿಗೆ ನಮಸ್ಕಾರ.

ನಮ್ಮ ಮನೆಯ ಕಂಪ್ಯೂಟರೊಂದನ್ನು ಬಿಟ್ಟು ಇಲ್ಲಿ ಎಲ್ಲರೂ ಕ್ಷೇಮ.

ಎರಡು ದಿನಕ್ಕೆಂದು ಬಂದವರು, “ಏನಿದು, ಸ್ಕ್ರೀನ್ ತುಂಬ ಕಸ!” ಎಂದು ಅದರ ಮೇಲಿನ ಚಿತ್ರಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟು ಹೋದಿರಿ. ನಿಮ್ಮನ್ನು ಕೇಳಿದವರು ಯಾರು? ಅಮ್ಮನಿಗೆ ಓದಲು ಬರುವುದಿಲ್ಲ. ಅವಳು ಜಾಗ ನೋಡಿಯೇ ಒತ್ತುವವಳು. ಎಡಮೂಲೆ ಒತ್ತಿದರೆ ವಿಡಿಯೊ ಕರೆಯಲ್ಲಿ ಅಕ್ಕನ ಮುಖ, ಬಲಮೂಲೆ ಒತ್ತಿದರೆ ಹಾಡು. ಇಷ್ಟು ಕಲಿಸಲು ನನಗೆ ಒಂದು ವರ್ಷ ಹಿಡಿಯಿತು.

ನೀವು ಹೋದ ಮರುದಿನ ಎಡಮೂಲೆ ಒತ್ತಿದಳು. ನನ್ನ ಶಾಲೆಯ ಪ್ರಶ್ನೆಪತ್ರಿಕೆ ತೆರೆದುಕೊಂಡಿತು. “ನಾನೇ ಏನೋ ಒತ್ತಿ ಕೆಡಿಸ್ಬಿಟ್ಟೆ ಕಣೇ” ಎಂದು ಅದಕ್ಕೆ ಬಟ್ಟೆ ಹೊದಿಸಿದವಳು ಎಂಟು ದಿನದಿಂದ ಹತ್ತಿರ ಸುಳಿದಿಲ್ಲ. ಅಮ್ಮ ಕರೆ ಮಾಡುತ್ತಿಲ್ಲವೆಂದು ಅಕ್ಕ ನಿಮ್ಮ ಮುಂದೆಯೇ ಮುಖ ಊದಿಸಿಕೊಂಡಿದ್ದಾಳಲ್ಲ, ಕಾರಣ ಇದೇ.

ಚಿತ್ರಗಳನ್ನು ಮೊದಲಿನ ಜಾಗಕ್ಕೇ ತಂದಿಟ್ಟಿದ್ದೇನೆ. ನೆಂಟರಿಗೆಂದು ಬೇರೆ ಲಾಗಿನ್ ಮಾಡಿದ್ದೇನೆ. ಇನ್ನು ಮುಂದೆ ಅಲ್ಲಿ ಬೇಕಾದಷ್ಟು ಗುಡಿಸಿ, ಸಾರಿಸಿ.

ಆದರೆ ಈ ಭಾನುವಾರ ಬಂದು, “ಕೆಡಿಸಿದ್ದು ನಾನು” ಎಂದು ಅಮ್ಮನಿಗೆ ನಿಮ್ಮ ಬಾಯಿಂದಲೇ ಹೇಳಬೇಕು. ನಾನು ಹೇಳಿ ನೋಡಿದೆ. “ಅಳಿಯಂದ್ರು ಅಂಥೋರಲ್ಲ, ಬಾಯ್ಮುಚ್ಚು” ಎಂದು ನನಗೇ ಬೈದಳು.

ಸಿಟ್ಟು ಇನ್ನೂ ಇಳಿಯದ,
ನಿಮ್ಮ ನಾದಿನಿ